ಕಾಫಿ ಚೀಲಕ್ಕೆ ಔಟ್‌ಟರ್ನ್ ಟೆಸ್ಟ್, ಷೇರಿಗೆ ಮಾತ್ರ ಮುಖ ನೋಡಿ ಮಣೆ!

ಆಲ್ದೂರಿನಲ್ಲಿ ಚೆರ್ರಿ ಕಾಫಿ ಕೊಳ್ಳುವ ವ್ಯಾಪಾರಿ ಮಾರುವವರ ಮನೆತನ ವಿಚಾರಿಸುವುದಿಲ್ಲ. ಚೀಲದಿಂದ ಸ್ಯಾಂಪಲ್ ತೆಗೆಯುತ್ತಾನೆ, ತೇವಾಂಶ ನೋಡುತ್ತಾನೆ, ಸಿಪ್ಪೆ ತೆಗೆಸಿ ಬೀಜ ತೂಗುತ್ತಾನೆ. 50 ಕೆ.ಜಿ. ಚೀಲದಲ್ಲಿ ಎಷ್ಟು ಕೆ.ಜಿ. ಬೀಜ ಸಿಗುತ್ತೆ ಅನ್ನೋದೇ ಔಟ್‌ಟರ್ನ್. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ‘ಓಟಿ’. 26 ಬಂದರೆ ಒಂದು ರೇಟು, 28 ಬಂದರೆ ಇನ್ನೊಂದು. ಮಾರುವವರು ಊರಿಗೇ ದೊಡ್ಡ ಗೌಡರಾಗಿದ್ದರೂ ಓಟಿ ನೋಡದೆ ರೇಟು ಹೇಳುವ ಪದ್ಧತಿ ಇಲ್ಲ. ಅದರಲ್ಲಿ ಯಾರಿಗೂ ಅವಮಾನವೂ ಆಗುವುದಿಲ್ಲ.

ಅದೇ ಜನ ಷೇರು ಕೊಳ್ಳಲು ಹೊರಟಾಗ ಕೇಳುವ ಮೊದಲ ಪ್ರಶ್ನೆ ಬೇರೆ: ‘ಕಂಪನಿ ಯಾರದ್ದು ಮಾರಾಯಾ? ಜನ ಹೆಂಗೆ?’

ಈ ಪ್ರಶ್ನೆ ಈಗ ಹೆಚ್ಚು ಕೇಳುತ್ತಿರುವುದಕ್ಕೆ ಕಾರಣ ಇದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ವರ್ಷಾನುಗಟ್ಟಲೆ ಸಾಲ, ಬೋರರ್, ಅಕಾಲ ಮಳೆ ಅಂತ ಒದ್ದಾಡಿದ ಬೆಳೆಗಾರರ ಕೈಯಲ್ಲಿ ಬ್ಯಾಂಕ್ ಸಾಲ ತೀರಿಸಿದ ಮೇಲೂ ಒಂದಿಷ್ಟು ದುಡ್ಡು ಉಳಿಯಿತು. ಇನ್ನೊಂದು ಕಡೆ ದೇಶದ ಡಿಮ್ಯಾಟ್ ಖಾತೆಗಳು 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದದ್ದು 2025ರ ಮಾರ್ಚ್ ಹೊತ್ತಿಗೆ 19 ಕೋಟಿ ದಾಟಿದವು. ಮೊದಲು ಮಿಕ್ಕಿದ ದುಡ್ಡು ಇನ್ನೆರಡು ಎಕರೆ ತೋಟಕ್ಕೋ, ಚಿಕ್ಕಮಗಳೂರಲ್ಲಿ ಸೈಟಿಗೋ ಹೋಗುತ್ತಿತ್ತು. ಈಗ ಅದರಲ್ಲಿ ಒಂದು ಪಾಲು ಮೊಬೈಲ್ ಆ್ಯಪ್‌ಗೆ ಹೋಗುತ್ತಿದೆ. ಮದುವೆ ಮನೆಯಲ್ಲಿ ಕಾಳುಮೆಣಸಿನ ರೇಟಿನ ಮಾತು ಮುಗಿದ ಮೇಲೆ ಷೇರಿನ ಮಾತು ಶುರುವಾಗುತ್ತೆ. ಪತ್ರಿಕೆಯಲ್ಲಿ ಬಿಸಿನೆಸ್ ಬಗ್ಗೆ ಬರೀತಾನೆ ಅಂತ ಗೊತ್ತಾದ ಕೂಡಲೇ ನನ್ನನ್ನು ಒಂದು ಮೂಲೆಗೆ ಕರೆದು ಕೇಳುವವರು ಇದ್ದಾರೆ.

ಯಾವ ಷೇರು ತಗೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಅದು ನನ್ನ ಕೆಲಸ ಅಲ್ಲ, ಅದಕ್ಕೆ ಸೆಬಿ ಲೈಸೆನ್ಸ್ ಬೇಕು. ಆದರೆ ‘ಕಂಪನಿ ಯಾರದ್ದು?’ ಅನ್ನುವ ಪ್ರಶ್ನೆಗೆ ಒಂದು ಉತ್ತರ ಕೊಡಲೇಬೇಕು. ಯಾಕಂದ್ರೆ ಆ ಪ್ರಶ್ನೆಯ ಬೆಲೆ ಏನು ಅನ್ನೋದನ್ನು ಈ ಗುಡ್ಡಗಳು ನೋಡಿದಷ್ಟು ಹತ್ತಿರದಿಂದ ಇನ್ಯಾವ ಊರೂ ನೋಡಿಲ್ಲ.

ರೈಟರೋ, ತೋಟವೋ?

ಷೇರುಪೇಟೆಯಲ್ಲಿ ಇದು ಹಳೇ ಜಗಳ. ಒಂದು ಪಕ್ಷ ಹೇಳುತ್ತೆ: ನಾಯಕ ಒಳ್ಳೆಯವನಾದರೆ ಸಾಕು, ಮಿಕ್ಕಿದ್ದನ್ನು ಅವನೇ ಕಟ್ಟುತ್ತಾನೆ. ಇನ್ನೊಂದು ಪಕ್ಷ ಹೇಳುತ್ತೆ: ನಾಯಕರು ಬರ್ತಾರೆ ಹೋಗ್ತಾರೆ, ಆಸ್ತಿ ಎಷ್ಟು, ಲಾಭ ಎಷ್ಟು, ಅದಕ್ಕೆ ಹೋಲಿಸಿದರೆ ಷೇರು ಅಗ್ಗವೋ ದುಬಾರಿಯೋ, ಅಷ್ಟೇ ನೋಡಿ. ಅಮೆರಿಕದ ವಾರೆನ್ ಬಫೆಟ್ ಕೂಡ ತಮ್ಮ ಷೇರುದಾರರಿಗೆ ಈ ಅರ್ಥದ ಮಾತು ಬರೆದಿದ್ದರು: ಹೆಸರುವಾಸಿ ಮ್ಯಾನೇಜರ್ ಒಬ್ಬ ಕೆಟ್ಟ ಹೆಸರಿನ ವ್ಯವಹಾರಕ್ಕೆ ಕೈ ಹಾಕಿದರೆ ಕೊನೆಗೆ ಉಳಿಯೋದು ವ್ಯವಹಾರದ ಹೆಸರೇ.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ತೋಟ ಕೊಳ್ಳುವಾಗ ಅಲ್ಲಿನ ರೈಟರ್‌ನ ನೋಡಬೇಕಾ, ಮಣ್ಣು-ನೀರು-ಗಿಡ ನೋಡಬೇಕಾ? ಎರಡೂ ನೋಡ್ಬೇಕು ಅಂತ ಯಾರಾದರೂ ಹೇಳ್ತಾರೆ. ಸರಿ. ಆದರೆ ಎರಡನ್ನೂ ನೋಡಿ, ಎರಡಕ್ಕೂ ಒಳ್ಳೆ ಅಂಕ ಕೊಟ್ಟು, ಆಮೇಲೂ ದುಡ್ಡು ಕಳೆದುಕೊಳ್ಳಬಹುದು. ಕಾಫಿ ಡೇ ಕಥೆ ಅದೇ.

ನಾಯಕನೂ ಇದ್ದರು, ಆಸ್ತಿಯೂ ಇತ್ತು

ವಿ.ಜಿ. ಸಿದ್ಧಾರ್ಥ ಅವರ ಹೆಸರನ್ನು ಆಲ್ದೂರು, ಮೂಡಿಗೆರೆ, ಕಳಸದ ಕಡೆ ಇವತ್ತಿಗೂ ಜನ ಗೌರವ ಬಿಟ್ಟು ಹೇಳುವುದಿಲ್ಲ. ಅದಕ್ಕೆ ಕಾರಣಗಳಿವೆ. ಅವರು ತೋಟಗಾರರ ಮನೆಯವರು. ತಂದೆ ಗಂಗಯ್ಯ ಹೆಗ್ಡೆ, ಚೇತನಹಳ್ಳಿ ಎಸ್ಟೇಟ್. ಮುಂಬೈಗೆ ಹೋಗಿ ಜೆಎಂ ಫೈನಾನ್ಷಿಯಲ್‌ನಲ್ಲಿ ಷೇರು ವ್ಯವಹಾರ ಕಲಿತು, ಬೆಂಗಳೂರಿಗೆ ಬಂದು ಶಿವನ್ ಸೆಕ್ಯುರಿಟೀಸ್ ಕೊಂಡರು. ಅದೇ ಮುಂದೆ ವೇ2ವೆಲ್ತ್ ಆಯಿತು.

ಅವರ ದೊಡ್ಡ ಹೆಜ್ಜೆ ಅರ್ಥವಾಗಬೇಕಾದರೆ ಹಳೇ ಕಾಫಿ ಬೋರ್ಡ್ ಪದ್ಧತಿ ನೆನಪಿರಬೇಕು. ದಶಕಗಳ ಕಾಲ ಬೆಳೆಗಾರ ತನ್ನ ಕಾಫಿಯನ್ನು ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ದುಡ್ಡು ಕಂತುಕಂತಾಗಿ ಬರುತ್ತಿತ್ತು. 90ರ ದಶಕದ ಮೊದಲ ವರ್ಷಗಳಲ್ಲಿ ಆ ಬಿಗಿ ಸಡಿಲವಾಯಿತು. 1993ರಲ್ಲಿ ಸಿದ್ಧಾರ್ಥ ಅಮಾಲ್ಗಮೇಟೆಡ್ ಬೀನ್ ಕಾಫಿ ಕಂಪನಿ ಶುರು ಮಾಡಿ ರಫ್ತಿಗೆ ಇಳಿದರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ತೋಟದಿಂದ ಕಪ್‌ವರೆಗೆ ಎಲ್ಲವೂ ಒಂದೇ ಕೈಯಲ್ಲಿ. ಕಾಫಿ ಬೆಳೆಯುವವರ ಮಗನೊಬ್ಬ ಕಾಫಿ ಕುಡಿಯುವ ಜಾಗಕ್ಕೂ ಮಾಲೀಕನಾದ. ಇದು ಸಣ್ಣ ವಿಷಯ ಅಲ್ಲ. ನಾಯಕತ್ವ ಮುಖ್ಯ ಅಲ್ಲ ಅನ್ನುವವರಿಗೆ ಇದೊಂದೇ ಉದಾಹರಣೆ ಸಾಕು. ಅವರಿಲ್ಲದಿದ್ದರೆ ಈ ಕಂಪನಿಯೇ ಇರುತ್ತಿರಲಿಲ್ಲ.

ಆಸ್ತಿಯ ಪಟ್ಟಿಯೂ ಹಾಗೇ ಗಟ್ಟಿಯಾಗಿತ್ತು. ದೇಶದ ಅತಿ ದೊಡ್ಡ ಕೆಫೆ ಸರಣಿ, ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್, ಸಿಕಾಲ್ ಲಾಜಿಸ್ಟಿಕ್ಸ್, ಮೈಂಡ್‌ಟ್ರೀಯಲ್ಲಿ ಪಾಲು, ಚಿಕ್ಕಮಗಳೂರಿನ ಸೆರಾಯ್ ರೆಸಾರ್ಟ್. 2010ರಲ್ಲಿ ಕೆಕೆಆರ್‌ನಂಥ ಜಾಗತಿಕ ಹೂಡಿಕೆ ಸಂಸ್ಥೆ ದುಡ್ಡು ಹಾಕಿತ್ತು. ಐಪಿಒಗೆ ಮೊದಲೇ ಷೇರು ಪಡೆದವರಲ್ಲಿ ನಂದನ್ ನಿಲೇಕಣಿ ಇದ್ದರು. ಬೋರ್ಡಿನಲ್ಲಿ ಸ್ವತಂತ್ರ ನಿರ್ದೇಶಕರಾಗಿ ರಾಜ್ಯದ ನಿವೃತ್ತ ಮುಖ್ಯ ಕಾರ್ಯದರ್ಶಿ ಎಸ್.ವಿ. ರಂಗನಾಥ್ ಇದ್ದರು. ಮಾವ ಎಸ್.ಎಂ. ಕೃಷ್ಣ, ಮಾಜಿ ಮುಖ್ಯಮಂತ್ರಿ.

2015ರ ಅಕ್ಟೋಬರ್‌ನಲ್ಲಿ ಐಪಿಒ ಬಂತು. ಷೇರಿಗೆ 328 ರೂಪಾಯಿ, ಒಟ್ಟು 1,150 ಕೋಟಿ. ಆಗ ಕಂಪನಿ ನಷ್ಟದಲ್ಲಿತ್ತು, ಎತ್ತಿದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ ತೀರಿಸಲಿಕ್ಕೇ ಅಂತ ದಾಖಲೆಯಲ್ಲೇ ಬರೆದಿತ್ತು. ಪೇಟೆಯಲ್ಲಿ ಮೊದಲ ದಿನವೇ ಷೇರು ಶೇಕಡಾ 17ಕ್ಕೂ ಹೆಚ್ಚು ಬಿತ್ತು. ಆದರೂ ನಂಬಿದವರು ಹಿಡಿದುಕೊಂಡರು. ನಾಯಕ ಗಟ್ಟಿ, ಆಸ್ತಿ ಗಟ್ಟಿ, ಮತ್ತೇನು ಬೇಕು?

3,535 ಕೋಟಿ ಹೋದ ದಾರಿ

2019ರ ಜುಲೈ ಕೊನೆಯಲ್ಲಿ ಏನಾಯಿತು ಅನ್ನೋದು ಎಲ್ಲರಿಗೂ ಗೊತ್ತು. ಮಂಗಳೂರಿನ ನೇತ್ರಾವತಿ ಸೇತುವೆ ಬಳಿ ಸಿದ್ಧಾರ್ಥ ಕಾಣೆಯಾದರು, ಎರಡು ದಿನದ ಮೇಲೆ ಶವ ಸಿಕ್ಕಿತು. ಆ ನೋವಿನ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು ಅವರು ಬೋರ್ಡಿಗೆ ಬರೆದರು ಎನ್ನಲಾದ ಪತ್ರದಲ್ಲಿನ ಒಂದು ಮಾತು: ತಮ್ಮ ಎಲ್ಲಾ ವಹಿವಾಟುಗಳು ತಂಡಕ್ಕಾಗಲಿ, ಆಡಿಟರ್‌ಗಳಿಗಾಗಲಿ, ಹಿರಿಯ ಅಧಿಕಾರಿಗಳಿಗಾಗಲಿ ಗೊತ್ತಿಲ್ಲ, ಹೊಣೆ ತಮ್ಮೊಬ್ಬರದೇ ಅನ್ನುವ ಅರ್ಥದ್ದು. ಜನ ಅದನ್ನು ದೊಡ್ಡತನ ಅಂತ ಓದಿದರು. ಇರಬಹುದು. ಷೇರುದಾರನಾಗಿ ಓದಿದರೆ ಅದು ಬೇರೆಯೇ ಸುದ್ದಿ. ಲಿಸ್ಟ್ ಆದ ಕಂಪನಿಯಲ್ಲಿ, ಸಾವಿರಾರು ಕೋಟಿ ವಹಿವಾಟಿನಲ್ಲಿ, ಒಬ್ಬರಿಗೆ ಮಾತ್ರ ಗೊತ್ತಿರುವ ಲೆಕ್ಕ ಇರಲು ಸಾಧ್ಯವಿತ್ತು ಅನ್ನುವುದು.

ಬೋರ್ಡು ನೇಮಿಸಿದ ತನಿಖೆಯನ್ನು ಸಿಬಿಐನ ನಿವೃತ್ತ ಡಿಐಜಿ ಅಶೋಕ್ ಕುಮಾರ್ ಮಲ್ಹೋತ್ರಾ ನಡೆಸಿದರು. 2020ರ ಜುಲೈನಲ್ಲಿ ವರದಿ ಹೊರಬಂತು. ಕಾಫಿ ಡೇ ಎಂಟರ್‌ಪ್ರೈಸಸ್‌ನ ಅಂಗಸಂಸ್ಥೆಗಳಿಗೆ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಅನ್ನುವ ಕಂಪನಿಯಿಂದ 3,535 ಕೋಟಿ ರೂಪಾಯಿ ಬರಬೇಕಿತ್ತು. ಆ ಎಸ್ಟೇಟ್ ಕಂಪನಿ ಲಿಸ್ಟ್ ಆದ ಗುಂಪಿನ ಭಾಗವಲ್ಲ, ಕುಟುಂಬದ್ದು. 2019ರ ಮಾರ್ಚ್ 31ಕ್ಕೆ ಬಾಕಿ ಇದ್ದದ್ದು 842 ಕೋಟಿ. ನಾಲ್ಕೇ ತಿಂಗಳಲ್ಲಿ ಅದು ನಾಲ್ಕು ಪಟ್ಟು ದಾಟಿತು.

ದುಡ್ಡು ಎಲ್ಲಿಗೆ ಹೋಯಿತು? ಖಾಸಗಿ ಹೂಡಿಕೆದಾರರಿಂದ ಷೇರು ವಾಪಸ್ ಕೊಳ್ಳಲು, ಹಳೇ ಸಾಲ ತೀರಿಸಲು, ಬಡ್ಡಿ ಕಟ್ಟಲು ಬಳಕೆಯಾಗಿರುವ ಸಾಧ್ಯತೆ ಹೆಚ್ಚು ಅಂತ ವರದಿ ಹೇಳಿತು. ಆದಾಯ ತೆರಿಗೆ ಇಲಾಖೆ ಷೇರುಗಳನ್ನು ಜಪ್ತಿ ಮಾಡಿದ್ದರಿಂದ ನಗದಿನ ಬಿಕ್ಕಟ್ಟು ಬಿಗಿಯಾಗಿರಬಹುದು ಅಂತಲೂ ಹೇಳಿತು. ಕಿರುಕುಳದ ಆರೋಪವನ್ನು ಇಲಾಖೆ ನಿರಾಕರಿಸಿತ್ತು. ಅಂದರೆ ಇದು ದುಡ್ಡು ಕಟ್ಟಿಕೊಂಡು ವಿದೇಶಕ್ಕೆ ಓಡಿದವರ ಕಥೆ ಅಲ್ಲ. ಒಂದು ಸಾಲ ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು ಅಂತ ಸಿಕ್ಕಿಹಾಕಿಕೊಂಡ ಮನುಷ್ಯನ ಕಥೆ. ಮಳೆ ಕೈಕೊಟ್ಟ ವರ್ಷ ಬೆಳೆಗಾರರಿಗೆ ಅದು ಗೊತ್ತಿಲ್ಲದ ಅನುಭವವೇನಲ್ಲ.

ಆದರೆ ಷೇರುದಾರನ ಪಾಲಿಗೆ ಉದ್ದೇಶ ಯಾವುದಾದರೂ ಫಲ ಒಂದೇ. 2023ರ ಜನವರಿಯಲ್ಲಿ ಸೆಬಿ ಏಳು ಅಂಗಸಂಸ್ಥೆಗಳಿಂದ ಹಣ ಬೇರೆಡೆ ಹೋಗಿದೆ ಅಂತ ಹೇಳಿ ಕಂಪನಿಗೆ 26 ಕೋಟಿ ದಂಡ ಹಾಕಿತು. ಎಸ್ಟೇಟ್ ಕಂಪನಿಯ ಶೇಕಡಾ 91.75 ಪಾಲು ಸಿದ್ಧಾರ್ಥ ಕುಟುಂಬದ್ದು ಅಂತ ಆದೇಶದಲ್ಲಿದೆ. ದಂಡ ಯಾರ ಮೇಲೆ ಅನ್ನೋದನ್ನು ಗಮನಿಸಿ. ಕಂಪನಿಯ ಮೇಲೆ. ಕಂಪನಿ ಅಂದರೆ ಯಾರು? ದುಡ್ಡು ಕಳೆದುಕೊಂಡ ಷೇರುದಾರರೇ. ಕಳ್ಳತನವಾದ ಮನೆಯವರೇ ಠಾಣೆಗೆ ಫೈನ್ ಕಟ್ಟಿದ ಹಾಗೆ.

ಷೇರಿನ ಗತಿ? ಸುದ್ದಿ ಬರುವ ಮೊದಲು 190ರ ಆಸುಪಾಸು ಇತ್ತು. ಒಂದೆರಡು ವಾರದಲ್ಲಿ ನೂರರ ಕೆಳಗೆ ಇಳಿಯಿತು. ಆಗಲೇ ಒಂದು ಹೊಸ ಗುಂಪು ಒಳಗೆ ಬಂತು. ‘ಟೆಕ್ ಪಾರ್ಕ್ ಒಂದೇ ಸಾವಿರಾರು ಕೋಟಿ ಬಾಳುತ್ತೆ, ಷೇರು ಅಗ್ಗ’ ಅನ್ನುವವರು. ಇವರು ನಾಯಕನನ್ನು ನೋಡಿದವರಲ್ಲ, ಆಸ್ತಿಯನ್ನು ನೋಡಿದವರು. ಫಲಿತಾಂಶ ಸಲ್ಲಿಸದ ಕಾರಣಕ್ಕೆ 2020ರ ಫೆಬ್ರವರಿಯಲ್ಲಿ ಷೇರಿನ ವಹಿವಾಟೇ ನಿಂತುಹೋಯಿತು. 2021ರ ಏಪ್ರಿಲ್‌ವರೆಗೆ ಮಾರಲಿಕ್ಕೂ ಆಗಲಿಲ್ಲ. ಮುಖ ನೋಡಿದವರೂ ಸೋತರು, ಲೆಕ್ಕ ನೋಡಿದವರೂ ಸೋತರು.

ಅದೇ ತಿಂಗಳು, ಇನ್ನೊಂದು ಕಂಪನಿ

ಇಲ್ಲಿಗೆ ನಿಲ್ಲಿಸಿದರೆ ‘ಷೇರು ಅಂದ್ರೇ ಜೂಜು, ಬಿಟ್ಟಾಕಿ’ ಅನ್ನುವ ತೀರ್ಮಾನಕ್ಕೆ ಬರಬೇಕಾಗುತ್ತೆ. ಹಾಗಾಗಿ ಅದೇ ಸಿದ್ಧಾರ್ಥ ಅವರ ಇನ್ನೊಂದು ಹೂಡಿಕೆಯನ್ನು ನೋಡೋಣ.

1999ರಲ್ಲಿ ಬೆಂಗಳೂರಿನಲ್ಲಿ ಮೈಂಡ್‌ಟ್ರೀ ಶುರುವಾದಾಗ ಮೊದಲು ದುಡ್ಡು ಹಾಕಿದವರಲ್ಲಿ ಸಿದ್ಧಾರ್ಥ ಒಬ್ಬರು. ಮುಂದೆ ಅವರೇ ಅದರ ಅತಿ ದೊಡ್ಡ ಷೇರುದಾರರಾದರು. ಸಾಲದ ಒತ್ತಡದಲ್ಲಿ 2019ರ ಮಾರ್ಚ್‌ನಲ್ಲಿ ಶೇಕಡಾ 20.32 ಪಾಲನ್ನು ಷೇರಿಗೆ 980 ರೂಪಾಯಿಯಂತೆ ಎಲ್&ಟಿಗೆ ಮಾರಲು ಒಪ್ಪಿದರು. ಮೊತ್ತ 3,200 ಕೋಟಿಗೂ ಹೆಚ್ಚು. ಮೈಂಡ್‌ಟ್ರೀ ಸ್ಥಾಪಕರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ನಮ್ಮ ಸಂಸ್ಕೃತಿ ಹಾಳಾಗುತ್ತೆ, ಜನ ಬಿಟ್ಟು ಹೋಗ್ತಾರೆ ಅಂತ ಹೋರಾಡಿದರು. ಎಲ್&ಟಿ ಪೇಟೆಯಿಂದಲೂ ಷೇರು ಎತ್ತಿ ಹಿಡಿತ ಸಾಧಿಸಿತು. ಕೃಷ್ಣಕುಮಾರ್ ನಟರಾಜನ್, ಎನ್.ಎಸ್. ಪಾರ್ಥಸಾರಥಿ, ರೋಸ್ಟೋ ರಾವಣನ್ ಮೂವರೂ ರಾಜೀನಾಮೆ ಕೊಟ್ಟರು. ಯಾವಾಗ? 2019ರ ಜುಲೈನಲ್ಲಿ.

ಒಂದೇ ತಿಂಗಳಲ್ಲಿ, ಒಂದೇ ಊರಿನಲ್ಲಿ ಕೇಂದ್ರ ಕಚೇರಿ ಇರುವ ಎರಡು ಕಂಪನಿಗಳು ತಮ್ಮ ನಾಯಕರನ್ನು ಕಳೆದುಕೊಂಡವು. ಎರಡರಲ್ಲೂ ಸಿದ್ಧಾರ್ಥ ಅವರ ದುಡ್ಡಿತ್ತು. ಮೈಂಡ್‌ಟ್ರೀಯಲ್ಲಿ ಹೊರಗಿನಿಂದ ದೇಬಶಿಶ್ ಚಟರ್ಜಿ ಸಿಇಒ ಆಗಿ ಬಂದರು. 2021ರಲ್ಲಿ ಆ ಷೇರು 4,000 ದಾಟಿತು. ಕೋವಿಡ್ ಕಾಲದಲ್ಲಿ ಐಟಿ ಕಂಪನಿಗಳೆಲ್ಲ ಏರಿದ್ದವು, ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಆದರೂ ಏರಲಿಕ್ಕೆ ಒಂದು ಕಂಪನಿ ಇನ್ನೂ ಉಳಿದಿತ್ತಲ್ಲ! 2022ರ ನವೆಂಬರ್‌ನಲ್ಲಿ ಅದು ಎಲ್&ಟಿ ಇನ್ಫೋಟೆಕ್ ಜೊತೆ ಸೇರಿ ಎಲ್‌ಟಿಐಮೈಂಡ್‌ಟ್ರೀ ಆಯಿತು.

ಎಂಜಿನಿಯರಿಂಗ್ ಓದಿದ್ದಕ್ಕೆ ನನಗೆ ಉಳಿದ ಒಂದು ಅಭ್ಯಾಸ ಇದೆ. ಕಟ್ಟಡದ ಲೆಕ್ಕ ಹಾಕುವಾಗ ಕಂಬ ಎಷ್ಟು ಚಂದ, ಎಷ್ಟು ಗಟ್ಟಿ ಅಂತ ನೋಡಿದರೆ ಸಾಲದು. ಆ ಕಂಬ ತೆಗೆದರೆ ಭಾರ ಎಲ್ಲಿಗೆ ಹೋಗುತ್ತೆ ಅಂತ ಕೇಳಬೇಕು. ಮೈಂಡ್‌ಟ್ರೀಯಲ್ಲಿ ಸ್ಥಾಪಕರು ಹೋದಾಗ ಭಾರ ಹೊರಲು ಗ್ರಾಹಕರ ಒಪ್ಪಂದಗಳಿದ್ದವು, ಸಾವಿರಾರು ಎಂಜಿನಿಯರ್‌ಗಳಿದ್ದರು, ದೊಡ್ಡ ಸಾಲ ಇರಲಿಲ್ಲ. ಅವರು ಹೋದರು, ಲೆಕ್ಕ ಹಾಗೇ ಇತ್ತು. ಕಾಫಿ ಡೇಯಲ್ಲಿ ಸಾಲಕ್ಕೆ ಒಬ್ಬರ ಹೆಸರೇ ಭರವಸೆ, ಲೆಕ್ಕ ಒಬ್ಬರ ತಲೆಯಲ್ಲೇ.

ಹಾಗಾಗಿ ‘ನಾಯಕ ಒಳ್ಳೆಯವರಾ?’ ಅನ್ನುವ ಪ್ರಶ್ನೆಯನ್ನೇ ಬದಲಿಸಬೇಕು ಅಂತ ನನ್ನ ವಾದ. ಸರಿಯಾದ ಪ್ರಶ್ನೆ ಇದು: ಈ ಕಂಪನಿಯ ದುಡ್ಡನ್ನು ಇನ್ನೊಬ್ಬರನ್ನು ಕೇಳದೆ ಮುಟ್ಟುವ ಶಕ್ತಿ ಯಾರಿಗಿದೆ? ಅವರು ನಾಳೆ ಇಲ್ಲದಿದ್ದರೆ ಉಳಿಯುವುದೇನು? ಒಳ್ಳೆಯತನವನ್ನು ಅಳೆಯಲು ನಮಗೆ ಹೊರಗಿನಿಂದ ಯಾವ ಸಾಧನವೂ ಇಲ್ಲ. ಹೊಸದನ್ನು ಕಟ್ಟುವ ಧೈರ್ಯ, ಯಾರಿಗೂ ಹೇಳದೆ ಸಹಿ ಹಾಕುವ ಧೈರ್ಯ, ಎರಡೂ ಟಿವಿ ಸಂದರ್ಶನದಲ್ಲಿ ಒಂದೇ ಥರ ಕಾಣುತ್ತವೆ. ದುಡ್ಡು ಮುಟ್ಟುವ ದಾರಿಗಳು ಮಾತ್ರ ದಾಖಲೆಯಲ್ಲಿ ಸಿಗುತ್ತವೆ.

ಸತ್ಯಂನಲ್ಲೂ ಆದದ್ದು ಇದೇ. 2008ರಲ್ಲಿ ಒಳ್ಳೆ ಆಡಳಿತಕ್ಕೆ ಅಂತ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದ ಕಂಪನಿ ಅದು. ಅದೇ ಡಿಸೆಂಬರ್‌ನಲ್ಲಿ ರಾಮಲಿಂಗ ರಾಜು ಕುಟುಂಬದ ಮೇಟಾಸ್ ಕಂಪನಿಗಳನ್ನು ಸತ್ಯಂ ದುಡ್ಡಿನಲ್ಲಿ ಕೊಳ್ಳಲು ಹೊರಟಾಗ ಷೇರುದಾರರು ತಿರುಗಿಬಿದ್ದರು. ಮೂರು ವಾರದ ಮೇಲೆ, 2009ರ ಜನವರಿ 7ರಂದು, ಹಗರಣ ಹೊರಬಂತು. ಪ್ರಶಸ್ತಿ ಪತ್ರ ಏನನ್ನೂ ಹೇಳಲಿಲ್ಲ. ಕುಟುಂಬದ ಇನ್ನೊಂದು ಕಂಪನಿ ಎಲ್ಲವನ್ನೂ ಹೇಳಿತು.

ಕಷ್ಟದಲ್ಲಿ ಬಂದ ನಾಯಕಿ

ಈಗ ಇನ್ನೊಂದು ಸೂಕ್ಷ್ಮ ವಿಷಯ. 2020ರ ಡಿಸೆಂಬರ್‌ನಲ್ಲಿ ಮಾಳವಿಕಾ ಹೆಗ್ಡೆ ಸಿಇಒ ಆದರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಮುಳುಗುವ ಹಡಗನ್ನು ದಡ ಸೇರಿಸಿದಳು ಅಂತ ಫೇಸ್‌ಬುಕ್, ವಾಟ್ಸ್ಆ್ಯಪ್‌ನಲ್ಲಿ ನೂರಾರು ಪೋಸ್ಟ್‌ಗಳು ಬಂದಿವೆ. ಕನ್ನಡದಲ್ಲೇ ಹೆಚ್ಚು. ಸಾಲದ ಅಂಕಿ ಸುಳ್ಳಲ್ಲ. 2019ರಲ್ಲಿ ಗುಂಪಿನ ಸಾಲ ಸುಮಾರು 7,200 ಕೋಟಿ ಇತ್ತು, 2021ರ ಮಾರ್ಚ್ ಹೊತ್ತಿಗೆ 1,800 ಕೋಟಿ ಆಸುಪಾಸಿಗೆ ಬಂತು. ಆ ಸ್ಥಿತಿಯಲ್ಲಿ ಕುರ್ಚಿ ಮೇಲೆ ಕೂರಲು ಒಪ್ಪಿದ್ದೇ ದೊಡ್ಡ ಧೈರ್ಯ. ನನಗೆ ಅದರ ಬಗ್ಗೆ ನಿಜವಾದ ಗೌರವ ಇದೆ.

ಆದರೆ ಸಾಲ ಹೇಗೆ ಇಳಿಯಿತು? ಗ್ಲೋಬಲ್ ವಿಲೇಜನ್ನು ಬ್ಲ್ಯಾಕ್‌ಸ್ಟೋನ್ ಮತ್ತು ಸಲಾರ್‌ಪುರಿಯಾ ಸತ್ವಕ್ಕೆ ಸುಮಾರು 2,700 ಕೋಟಿಗೆ ಮಾರುವ ಒಪ್ಪಂದ ಅವರು ಸಿಇಒ ಆಗುವ ಮೊದಲೇ ಆಗಿತ್ತು. ವೇ2ವೆಲ್ತ್ ಮಾರಾಟವಾಯಿತು. ಸಿಕಾಲ್ ದಿವಾಳಿ ಪ್ರಕ್ರಿಯೆಗೆ ಹೋಗಿ ಕೈಬಿಟ್ಟಿತು. 2019ರ ಮಾರ್ಚ್‌ನಲ್ಲಿ 1,752 ಇದ್ದ ಕೆಫೆಗಳು 2024ರ ಹೊತ್ತಿಗೆ ಸುಮಾರು 450ಕ್ಕೆ ಇಳಿದವು. ತೋಟದ ಸಾಲ ತೀರಿಸಲು ಅರ್ಧ ತೋಟವನ್ನೇ ಮಾರಿದ ಹಾಗೆ. ಅದು ಸರಿಯಾದ ಕೆಲಸವೇ, ಬೇರೆ ದಾರಿ ಇರಲಿಲ್ಲ. ಆದರೆ ತೋಟ ಬೆಳೆಯಿತು ಅಂತ ಯಾರೂ ಹೇಳಲ್ಲ.

ಉಳಿದದ್ದಕ್ಕೂ ನೆಮ್ಮದಿ ಇರಲಿಲ್ಲ. 2023ರ ಜುಲೈನಲ್ಲಿ ಇಂಡಸ್‌ಇಂಡ್ ಬ್ಯಾಂಕ್ ಅರ್ಜಿಯ ಮೇಲೆ ಕಾಫಿ ಡೇ ಗ್ಲೋಬಲ್ ದಿವಾಳಿ ಪ್ರಕ್ರಿಯೆಗೆ ಹೋಗಿ ಮೇಲ್ಮನವಿಯಲ್ಲಿ ತಡೆ ಪಡೆಯಿತು. 2024ರ ಆಗಸ್ಟ್‌ನಲ್ಲಿ 228 ಕೋಟಿ ಬಾಕಿಗಾಗಿ ಮಾತೃ ಕಂಪನಿಯ ಸರದಿ. ಮತ್ತೆ ತಡೆ, ಸುಪ್ರೀಂ ಕೋರ್ಟ್, ಕೊನೆಗೆ 2025ರ ಫೆಬ್ರವರಿ ಕೊನೆಯಲ್ಲಿ ಮೇಲ್ಮನವಿ ಮಂಡಳಿ ಆ ಆದೇಶವನ್ನು ರದ್ದು ಮಾಡಿತು. ಈ ಪ್ರತಿ ಸುದ್ದಿಗೂ ಷೇರು ಕುಣಿಯಿತು. ಆದರೆ 2021ರಲ್ಲಿ ವಹಿವಾಟು ಮತ್ತೆ ಶುರುವಾದ ಮೇಲೆ ಅದು ಎರಡಂಕಿಯ ಗಡಿ ದಾಟಿ ಬರಲಿಲ್ಲ. 328ಕ್ಕೆ ಕೊಂಡವರಿಗೆ ಅದರರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ನಾನು ಯಾಕೆ ಇದನ್ನು ಎತ್ತುತ್ತಿದ್ದೇನೆ ಅಂದರೆ, ಮೊದಲ ಸಲ ಆದದ್ದೇ ಎರಡನೇ ಸಲವೂ ಆಗುತ್ತಿದೆ. ಮೊದಲು ಒಬ್ಬ ಸಾಹಸಿಯ ಕಥೆ ಕೇಳಿ ಷೇರು ಕೊಂಡರು. ಈಗ ಒಬ್ಬ ದಿಟ್ಟ ಮಹಿಳೆಯ ಕಥೆ ಕೇಳಿ ಕೊಳ್ಳುವವರಿದ್ದಾರೆ. ಎರಡೂ ಕಥೆ ನಿಜ. ಎರಡೂ ಕಥೆಗಳಿಗೆ ಷೇರಿನ ಬೆಲೆಯ ಜೊತೆ ನೇರ ಸಂಬಂಧ ಇಲ್ಲ. ಒಳ್ಳೆ ನಾಯಕಿ ಸಾಲಗಾರರಿಗೆ ನ್ಯಾಯ ಕೊಡಿಸಬಹುದು, ಕೆಲಸಗಾರರ ಸಂಬಳ ಉಳಿಸಬಹುದು. ಸಾಲಗಾರರದ್ದೆಲ್ಲ ಮುಗಿದ ಮೇಲೆ ಮಿಕ್ಕಿದ್ದು ಮಾತ್ರ ಷೇರುದಾರನದ್ದು. ಸಾಲಿನಲ್ಲಿ ಅವನು ಕೊನೆಯವನು.

ತೋಟ ಕೊಳ್ಳುವಾಗ ಮಾಡುವುದನ್ನೇ ಮಾಡಿ

ನಮ್ಮ ಬೆಳೆಗಾರರಿಗೆ ಇದನ್ನೆಲ್ಲ ಹೊಸದಾಗಿ ಕಲಿಸಬೇಕಿಲ್ಲ ಅನ್ನೋದೇ ನನ್ನ ನಂಬಿಕೆ. ತೋಟ ಕೊಳ್ಳುವಾಗ ಮಾಡುವುದನ್ನೇ ಇಲ್ಲೂ ಮಾಡಿದರೆ ಆಯಿತು.

ತೋಟಕ್ಕೆ ಮೊದಲು ಇ.ಸಿ. ತೆಗೆಸ್ತೀರಿ, ಯಾವ ಬ್ಯಾಂಕಿನಲ್ಲಿ ಅಡವಿದೆ ನೋಡ್ತೀರಿ. ಕಂಪನಿಗೂ ಅಂಥದ್ದೊಂದು ಇದೆ. ಪ್ರಮೋಟರ್ ತನ್ನ ಷೇರಿನಲ್ಲಿ ಎಷ್ಟನ್ನು ಅಡವಿಟ್ಟಿದ್ದಾನೆ ಅನ್ನೋದನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ಹಾಕಲೇಬೇಕು. ನೋಡಲು ಒಂದು ಪೈಸೆ ಖರ್ಚಿಲ್ಲ. 2019ರ ಜೂನ್ ಹೊತ್ತಿಗೆ ಕಾಫಿ ಡೇ ಪ್ರಮೋಟರ್‌ಗಳ ಷೇರಿನಲ್ಲಿ ಮುಕ್ಕಾಲು ಭಾಗದಷ್ಟು ಅಡವಾಗಿತ್ತು. ಇದು ಗುಟ್ಟಾಗಿರಲಿಲ್ಲ, ಎಲ್ಲರಿಗೂ ಕಾಣುವಂತೆ ಇತ್ತು. ಸಿದ್ಧಾರ್ಥ ಒಳ್ಳೆಯವರೋ ಅಲ್ಲವೋ ಅನ್ನುವ ಚರ್ಚೆಯ ಅಗತ್ಯವೇ ಇಲ್ಲದೆ ಆ ಒಂದು ಅಂಕಿ ಎಚ್ಚರಿಕೆ ಕೊಡುತ್ತಿತ್ತು.

ತೋಟಕ್ಕೆ ಎರಡನೆಯದಾಗಿ ಕೇಳುವುದು, ಪಕ್ಕದ ತೋಟ ಯಾರದ್ದು? ಅಣ್ಣನ ತೋಟಕ್ಕೆ ಇಲ್ಲಿಂದ ನೀರು ಹೋಗ್ತಿದೆಯಾ? ಕಂಪನಿಯ ವಾರ್ಷಿಕ ವರದಿಯಲ್ಲಿ ‘ರಿಲೇಟೆಡ್ ಪಾರ್ಟಿ’ ಅನ್ನುವ ಟಿಪ್ಪಣಿ ಇರುತ್ತೆ. ಅಧ್ಯಕ್ಷರ ಫೋಟೊ ಇರುವ ಮೊದಲ ಪುಟ ಬಿಟ್ಟು ಸೀದಾ ಅಲ್ಲಿಗೆ ಹೋಗಿ. ಕುಟುಂಬದ ಬೇರೆ ಕಂಪನಿಗೆ ಸಾಲ, ಮುಂಗಡ ಅಂತ ದುಡ್ಡು ಹೋಗಿದೆಯಾ, ವರ್ಷದಿಂದ ವರ್ಷಕ್ಕೆ ಏರ್ತಿದೆಯಾ ನೋಡಿ. ಇದರಲ್ಲೂ ಒಂದು ಮಿತಿ ಇದೆ. ವರದಿ ಮಾರ್ಚ್ 31ರ ಚಿತ್ರ ಮಾತ್ರ. 842 ಕೋಟಿ 3,535 ಆದದ್ದು ಆಮೇಲೆ. ಆದರೆ 842 ಕೋಟಿಯೇ ಸಣ್ಣದಾ?

ಮೂರನೆಯದು ನಗದು. ಗಿಡದಲ್ಲಿ ಹೂವು ಚೆನ್ನಾಗಿ ಬಂದರೆ ಸಾಲದು, ಕೊಯ್ಲಾಗಿ ಕಣಕ್ಕೆ ಬರಬೇಕು. ಲಾಭ ಅಂತ ಪುಸ್ತಕದಲ್ಲಿ ಬರೆದದ್ದು ನಗದಾಗಿ ಬಂದಿದೆಯಾ, ಇಲ್ಲಾ ಹಳೇ ಸಾಲದ ಬಡ್ಡಿಗೆ ಹೊಸ ಸಾಲ ಎತ್ತುತ್ತಿದ್ದಾರಾ? ಪ್ರತಿ ವರ್ಷ ಸಾಲ ಏರುತ್ತಾ, ಆಸ್ತಿಯೂ ಏರುತ್ತಾ ಹೋಗುವ ಕಂಪನಿ ದೊಡ್ಡದಾಗಿ ಕಾಣುತ್ತೆ. ಪೇಟೆ ಬಿಗಿಯಾದ ದಿನ ಆಸ್ತಿಯ ಬೆಲೆ ಇಳಿಯುತ್ತೆ, ಸಾಲ ಹಾಗೇ ಇರುತ್ತೆ.

ಕೊನೆಯದು ಹೆಸರು ಮುಚ್ಚಿ ನೋಡುವ ಪರೀಕ್ಷೆ. ವರದಿಯಲ್ಲಿ ಪ್ರಮೋಟರ್ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಓದಿ. ಹೆಸರೇ ಗೊತ್ತಿಲ್ಲದ, ಯಾವ ಊರಿನವರೋ ಗೊತ್ತಿಲ್ಲದ ಒಬ್ಬರು ಇಷ್ಟು ಸಾಲ, ಇಷ್ಟು ಅಡವು, ಇಷ್ಟು ಕುಟುಂಬದ ವ್ಯವಹಾರ ಇಟ್ಟುಕೊಂಡು ಬಂದರೆ ಈ ರೇಟಿಗೆ ಕೊಳ್ತೀರಾ? ಹೌದು ಅಂತಾದರೆ ಹೆಬ್ಬೆರಳು ತೆಗೆಯಿರಿ. ಹೆಸರೂ ಒಳ್ಳೆಯದಿದ್ದರೆ ಇನ್ನೂ ಒಳ್ಳೆಯದು. ಇಲ್ಲ ಅಂತಾದರೆ, ಯಾವ ಹೆಸರೂ ಆ ‘ಇಲ್ಲ’ವನ್ನು ‘ಹೌದು’ ಮಾಡಬಾರದು. ನಾಯಕತ್ವಕ್ಕೆ ಬೆಲೆ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಅದಕ್ಕೆ ಬೆಲೆ ಕೊಡುವುದು ಲೆಕ್ಕ ಒಪ್ಪಿಗೆಯಾದ ಮೇಲೆ ಅಂತ ಹೇಳ್ತಿದ್ದೇನೆ.

ನಮ್ಮೂರವರು ಅಂತ ಸಿದ್ಧಾರ್ಥ ಅವರ ಮೇಲಿರುವ ಅಭಿಮಾನಕ್ಕೂ ಇದಕ್ಕೂ ವಿರೋಧ ಇಲ್ಲ. ಅವರು ಕಟ್ಟಿದ್ದನ್ನು, ಕೊಟ್ಟ ಕೆಲಸಗಳನ್ನು, ನಮ್ಮ ಕಾಫಿಗೆ ತಂದ ಹೆಸರನ್ನು ಯಾವ ವರದಿಯೂ ಅಳಿಸುವುದಿಲ್ಲ. ಹಾಗೇ ಆ ಅಭಿಮಾನದಿಂದ ಒಂದು ಷೇರಿನ ಬೆಲೆಯೂ ಏರುವುದಿಲ್ಲ. ಅವರನ್ನು ಪ್ರಶ್ನೆ ಕೇಳಬಲ್ಲ ಒಂದು ಬೋರ್ಡು, ಬೇಡ ಅನ್ನಬಲ್ಲ ಒಬ್ಬ ಆಡಿಟರ್, ಅಡವಿನ ಅಂಕಿ ನೋಡಿ ಹಿಂದೆ ಸರಿಯಬಲ್ಲ ಷೇರುದಾರರು ಸಮಯಕ್ಕೆ ಇದ್ದಿದ್ದರೆ ಸಾಲ ಅಷ್ಟು ದೂರ ಹೋಗುತ್ತಿತ್ತಾ ಅನ್ನುವ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಮುಖ ನೋಡಿ ಮಣೆ ಹಾಕಿದ್ದರಿಂದ ಷೇರುದಾರರಿಗೆ ಮಾತ್ರವಲ್ಲ, ಆ ಮುಖದವರಿಗೂ ಒಳ್ಳೆಯದಾಗಲಿಲ್ಲ.

ಈ ವರ್ಷದ ಕೊಯ್ಲಿನ ದುಡ್ಡು ಯಾವ ಷೇರಿಗೆ ಹಾಕಬೇಕು ಅಂತ ಯಾರಾದರೂ ಕೇಳಿದರೆ ನನ್ನದು ಒಂದೇ ಮರುಪ್ರಶ್ನೆ: ಓಟಿ ಎಷ್ಟು ಬಂತು ಅಂತ ನೋಡಿದಿರಾ?